ಬೆನ್ನ ಹಿಂದಿನ ಕಣ್ಣು

ಆ ಬೀದಿಗೆ ಒಂದೇ ಒಂದು ತಿರುವೂ ಇಲ್ಲ. ಒಳತುದಿಯಲ್ಲಿ ನಿಂತು ನೋಡಿದರೆ ಆಚೆ ತುದಿಯ ಮುಖ್ಯರಸ್ತೆಯಲ್ಲಿ ಹೋಗುವ ಬಸ್ಸು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು "ಯಾರೋ ಪುಣ್ಯಾತ್ಮರು ಪ್ಲಾನು ಹಾಕಿ ಕಟ್ಟಿದ್ದಾರೆ" ಎಂದು ಹೊಗಳುತ್ತಾರೆ. ಪ್ಲಾನೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಹಗ್ಗ ಹೊಸೆಯುವ ಜಾಗ ನೇರವಾಗಿರಬೇಕು, ಅಷ್ಟೇ. ಮೊದಲು ಹಗ್ಗ ಬಂತು. ಆಮೇಲೆ ಅದರ ಎರಡೂ ಮಗ್ಗುಲಿಗೆ ಗುಡಿಸಲು ಬಂದವು, ಗುಡಿಸಲು ಹೋಗಿ ಹೆಂಚು ಬಂತು, ಹೆಂಚು ಹೋಗಿ ತಾರಸಿ ಬಂತು. ಹಗ್ಗ ಹೋಗಿ ಎಷ್ಟೋ ಕಾಲವಾಯಿತು. ಬೀದಿ ಮಾತ್ರ ಅದು ಹಾಕಿಕೊಟ್ಟ ಗೆರೆಯನ್ನು ಇನ್ನೂ ದಾಟಿಲ್ಲ.

ಹಗ್ಗ ಹೊಸೆಯುವುದನ್ನು ನೋಡದವರಿಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ರಾಟೆ ಅಜ್ಜಿಯ ಸಂಕಟ ಅರ್ಥವಾಗುವುದಿಲ್ಲ. ಬೀದಿಯ ಒಳತುದಿಯಲ್ಲಿ ಒಂದು ರಾಟೆ. ಅದನ್ನು ತಿರುಗಿಸಲು ಒಬ್ಬರು. ಹೊಸೆಯುವ ಹೆಂಗಸು ನಾರಿನ ಹೊರೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಅದರ ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಎರಡೂ ಕೈಯಿಂದ ನಾರು ಬಿಡುತ್ತ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋಗಬೇಕು. ರಾಟೆ ತಿರುಗಿದಂತೆ ನಾರು ಹುರಿಯಾಗುತ್ತದೆ. ಆಚೆ ತುದಿ ಮುಟ್ಟಿದ ಮೇಲೆ ಹುರಿಯನ್ನು ಗೂಟಕ್ಕೆ ಕಟ್ಟಿ, ಬರಿಗೈಯಲ್ಲಿ ರಾಟೆಯ ಕಡೆ ನಡೆದು ಬರಬೇಕು. ಮತ್ತೆ ಹಿಂದೆ, ಮತ್ತೆ ಮುಂದೆ. ಬೆಳಗಿನಿಂದ ಬೈಗಿನವರೆಗೆ ಅದೇ.

ಹಿಂದೆ ನಡೆಯುವವಳಿಗೆ ಬೆನ್ನ ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಕತ್ತು ತಿರುಗಿಸಿದರೆ ಕೈ ಸಡಿಲವಾಗಿ ಎಳೆ ಕೆಡುತ್ತದೆ. ಹಾಗಾಗಿ ರಾಟೆ ತಿರುಗಿಸುವವರೇ ಅವಳ ಕಣ್ಣು. "ಹಿಂದೆ ಕಲ್ಲು!" "ಹಿಂದೆ ನಾಯಿ ಮಲಗಿದೆ!" "ಹಿಂದೆ ಗಾಡಿ, ನಿಲ್ಲು!" ಏನೂ ಇಲ್ಲದಿದ್ದರೂ ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ, ಸುಮ್ಮನಿದ್ದರೆ ನಡೆಯುವವಳಿಗೆ ಧೈರ್ಯ ಸಾಲುವುದಿಲ್ಲ. "ಹಿಂದೆ ಏನೂ ಇಲ್ಲ, ಹೋಗು" ಎಂದು ಆಗಾಗ ಕೂಗುತ್ತಿರಬೇಕು. ಆ ಬೀದಿಯ ಹೆಂಗಸರ ಗಂಟಲು ಇವತ್ತಿಗೂ ದೊಡ್ಡದು. ಗುಟ್ಟು ಹೇಳಿದರೂ ಪಕ್ಕದ ಮೂರು ಮನೆಗೆ ಹಂಚಿಹೋಗುತ್ತದೆ.

ರಾಟೆ ಅಜ್ಜಿ ಚಿಕ್ಕಂದಿನಲ್ಲಿ ರಾಟೆ ತಿರುಗಿಸಿದವಳು. ಹಿಂದೆ ನಡೆದವಳು ಅವಳ ಅಕ್ಕ. ಅಜ್ಜಿಗೆ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕರೆಯುವವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಮನೆ ಬೀದಿಯ ಒಳತುದಿಯಲ್ಲಿ, ರಾಟೆ ಇದ್ದ ಜಾಗದಲ್ಲೇ. ಬಾಗಿಲ ಮುಂದಿನ ಚಪ್ಪಡಿಯಲ್ಲಿ ರಾಟೆಯ ಕಾಲು ಹೂತಿದ್ದ ಎರಡು ಗುಳಿಗಳು ಈಗಲೂ ಇದ್ದವು. ಸೊಸೆ ಒಂದರಲ್ಲಿ ಪಾತ್ರೆ ತೊಳೆಯುವ ಸೋಪು ಇಡುತ್ತಿದ್ದಳು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು. ಅಂದಿನಿಂದ ಅವಳ ಪ್ರಪಂಚ ಮಂಚದಿಂದ ಆ ಚಪ್ಪಡಿಯವರೆಗೆ. ಅದೂ ಕಬ್ಬಿಣದ ವಾಕರ್ ಹಿಡಿದು, ಎಲ್ಲ ದೇವರನ್ನೂ ಬೈದುಕೊಂಡು.

ಮಗನಿಗೆ ಮುಖ್ಯರಸ್ತೆಯಲ್ಲಿ ಗಾಜು ಮತ್ತು ಫ್ರೇಮಿನ ಅಂಗಡಿ. ಸತ್ತವರ ಫೋಟೋ ತಂದವರಿಗೆ ಒಂದು ಸಂಜೆಯಲ್ಲಿ ಕಟ್ಟು ಹಾಕಿಕೊಡುತ್ತಿದ್ದ. ಬೀದಿಯವರೆಲ್ಲರ ಹಿರಿಯರೂ ಅವನ ಕೈಯಿಂದಲೇ ಗೋಡೆ ಏರಿದ್ದರು. ಅವನ ಸ್ವಂತ ದೊಡ್ಡಮ್ಮನ ಮುಖವಿರುವ ಫೋಟೋ ಮಾತ್ರ ಮನೆಯಲ್ಲಿರಲಿಲ್ಲ. ಇದ್ದದ್ದು ಒಂದೇ, ಹಗ್ಗದ ಸಾಹುಕಾರರು ಹಿಂದೆ ಯಾವಾಗಲೋ ತೆಗೆಸಿದ್ದು. ಅದರಲ್ಲಿ ರಾಟೆಯಿದೆ, ರಾಟೆಯ ಮುಂದೆ ಕಣ್ಣು ಬಿಟ್ಟುಕೊಂಡು ಕೂತ ಪುಟ್ಟ ಹುಡುಗಿಯಿದೆ, ಆಚೆ ಗೋಣಿಚೀಲಗಳಿವೆ. ಅಕ್ಕ ಇರಬೇಕಾದ ಕಡೆ ಒಂದು ಬೂದು ಬಣ್ಣದ ಹೊಗೆ. ಅಲುಗಾಡಬೇಡ ಎಂದು ಕ್ಯಾಮರಾದವನು ಗೋಗರೆದರೂ ಅಕ್ಕ ಕೇಳಿರಲಿಲ್ಲ. ಅರ್ಧಕ್ಕೆ ನಿಂತರೆ ಹುರಿ ಕೆಡುತ್ತದೆ ಎಂದು ನಡೆದೇಬಿಟ್ಟಿದ್ದಳು. ಆ ಹೊಗೆಗೇ ಮಗ ಒಳ್ಳೆಯ ತೇಗದ ಕಟ್ಟು ಹಾಕಿ ತೂಗುಹಾಕಿದ್ದ.

ಬೀದಿಯ ಬಾಯಿಯಲ್ಲಿ, ಮುಖ್ಯರಸ್ತೆ ಕೂಡುವ ಕಡೆ, ಒಂದು ಪ್ರತಿಮೆ ನಿಲ್ಲಿಸಬೇಕೆಂದು ಪುರಸಭೆಯವರು ಹೇಳಿದಾಗ ಬೀದಿಯಲ್ಲಿ ಸಮಿತಿಯಾಯಿತು. ಸಮಿತಿ ಅಂದಮೇಲೆ ಕೇಳಬೇಕೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬೇಕರಿಯವರಿಗೆ ಗಡಿಯಾರದ ಕಂಬ ಬೇಕಿತ್ತು. ನಿವೃತ್ತ ಮೇಷ್ಟ್ರಿಗೆ ಪುಸ್ತಕ ಹಿಡಿದ ಮಗು. ಇನ್ನೊಬ್ಬರು ಕಾರಂಜಿ ಎಂದರು, ನೀರೆಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ಎದ್ದು ಹೋದರು. ಕೊನೆಗೆ ಪ್ರತಿಮೆ ಮಾಡಲು ಬಂದ ಹುಡುಗಿಯೇ ಕೇಳಿದಳು: "ಈ ಬೀದಿ ಇಷ್ಟು ನೆಟ್ಟಗೆ ಯಾಕಿದೆ?" ಸಮಿತಿಯ ಅಧ್ಯಕ್ಷನಾಗಿದ್ದ ಅಜ್ಜಿಯ ಮಗ, "ನಮ್ಮಮ್ಮನ್ನ ಕೇಳಬೇಕು" ಎಂದ.

ಹೀಗೆ ಶಿಲ್ಪದ ಹುಡುಗಿ ಒಂದು ಬುಟ್ಟಿ ಜೇಡಿಮಣ್ಣಿನೊಂದಿಗೆ ಚಪ್ಪಡಿಯ ಮೇಲೆ ಬಂದು ಕೂತಳು. ಹುಡುಗಿ ಅಂದರೂ ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಅಜ್ಜಿಯ ಲೆಕ್ಕದಲ್ಲಿ ಹುಡುಗಿ.

"ನಿಮ್ಮ ಅಕ್ಕ ಹೇಗಿದ್ರು, ಹೇಳಿ ಅಜ್ಜಿ. ನೀವು ಹೇಳ್ತಾ ಹೋಗಿ, ನಾನು ಮಾಡ್ತಾ ಹೋಗ್ತೀನಿ."

"ಹತ್ತಿರದಿಂದ ಹೇಳ್ಲಾ, ದೂರದಿಂದ ಹೇಳ್ಲಾ?"

ಹುಡುಗಿಗೆ ತಿಳಿಯಲಿಲ್ಲ. ಅಜ್ಜಿ ವಿವರಿಸಿದಳು. ಅಕ್ಕ ರಾಟೆಯ ಹತ್ತಿರ ಹೊರಡುವಾಗ ಮುಖ ಮಾರು ದೂರದಲ್ಲಿರುತ್ತಿತ್ತು, ಮೂಗಿನ ಮೇಲಿನ ನಾರಿನ ಧೂಳು ಕೂಡ ಕಾಣುತ್ತಿತ್ತು. ಆಗ ನಾಲಿಗೆ ಹೊರಚಾಚಿ ಅಣಕಿಸುತ್ತಿದ್ದಳು. ನಡುಬೀದಿಗೆ ಹೋದಾಗ ಹುಬ್ಬು ಕಾಣುತ್ತಿತ್ತು, ಕಣ್ಣು ಕಾಣುತ್ತಿರಲಿಲ್ಲ. ಆಚೆ ತುದಿಯಲ್ಲಿ ಮುಖ ಹೆಬ್ಬೆರಳಿನ ಉಗುರಿನಷ್ಟು. ನಕ್ಕರೆ ಮಾತ್ರ ಹಲ್ಲಿನ ಬಿಳುಪು ಕಾಣುತ್ತಿತ್ತು. "ಹೋಗುವಾಗಲೂ ನನ್ನ ಕಡೆಗೇ ಮುಖ, ಬರುವಾಗಲೂ ನನ್ನ ಕಡೆಗೇ ಮುಖ. ಯಾರ ಮುಖಾನೂ ಯಾರೂ ಅಷ್ಟು ನೋಡಿರಲ್ಲ ಕಣೇ. ಕಟ್ಟಿಕೊಂಡ ಗಂಡನ ಮುಖಾನೇ ನಾನು ಅಷ್ಟು ನೋಡಲಿಲ್ಲ. ನೋಡೋ ಹಾಗೂ ಇರಲಿಲ್ಲ ಬಿಡು."

ಹುಡುಗಿ ನಕ್ಕಳು. ಅವಳ ಬೆರಳು ಮಣ್ಣಿನ ಮೇಲೆ ಓಡತೊಡಗಿತು.

"ಕೆನ್ನೆ ಹೀಗಾ?"

"ಅಯ್ಯೋ, ಅದು ಹೊಟ್ಟೆ ತುಂಬ ಉಂಡು ಬೆಳೆದವರ ಕೆನ್ನೆ. ತೆಗಿ, ಇನ್ನೂ ತೆಗಿ. ಹಾಂ. ಗಲ್ಲ ಸ್ವಲ್ಪ ಮುಂದೆ. ಹಟಮಾರಿ ಗಲ್ಲ. ನಮ್ಮಮ್ಮ ಹೇಳೋಳು, ಈ ಗಲ್ಲದವಳು ಯಾರ ಮಾತೂ ಕೇಳಲ್ಲ ಅಂತ."

ಹುಡುಗಿ ಬಂದು ಹೋಗುವುದು ಬಹಳ ದಿನ ನಡೆಯಿತು. ಮುಖವಾಯಿತು, ಕೈಯಾಯಿತು. ಕಾಲಿನ ವಿಷಯ ಬಂದಾಗ ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ತಾನೇ ಎದ್ದು ನಿಂತು ತೋರಿಸಲು ಹೋಗಿ ಸೊಸೆಯಿಂದ ಬೈಸಿಕೊಂಡಳು. ಹಿಂದೆ ನಡೆಯುವವಳು ಹಿಮ್ಮಡಿ ಊರುವುದಿಲ್ಲ, ಮೊದಲು ಹೆಬ್ಬೆರಳಿಂದ ನೆಲ ತಡವುತ್ತಾಳೆ, ನೆಲ ಸಿಕ್ಕಿತು ಎಂದು ಖಾತ್ರಿಯಾದ ಮೇಲೆಯೇ ಮೈಭಾರ ಹಿಂದಕ್ಕೆ ಬಿಡುತ್ತಾಳೆ. ಅಲ್ಲಿಯವರೆಗೆ ಭಾರವೆಲ್ಲ ಮುಂದಿನ ಕಾಲಿನ ಮೇಲೆ. ಹುಡುಗಿ ಅದನ್ನೂ ಹಾಗೆಯೇ ಮಾಡಿದಳು.

ನಗುವಿನ ಬಗ್ಗೆಯೂ ಅಜ್ಜಿ ಹೇಳಿದಳು. ಸಾಹುಕಾರರ ಗುಮಾಸ್ತ ಬೋಳುತಲೆಯವನು. ಅವನು ಹಿಂದಿನಿಂದ ಬರುವುದು ಕಂಡರೆ ಈ ಪುಟ್ಟ ರಾಟೆಯವಳು ಬೀದಿಗೆಲ್ಲ ಕೇಳುವಂತೆ "ಅಕ್ಕಾ, ಹಿಂದೆ ನಿನ್ನ ಗಂಡ!" ಎಂದು ಕೂಗುತ್ತಿದ್ದಳು. ಅಕ್ಕನಿಗೆ ನಗು ತಡೆಯಲಾಗದೆ ಕೈ ಅಲುಗಿ, ಹುರಿ ಅಲ್ಲಿ ದಪ್ಪವಾಗುತ್ತಿತ್ತು. ಸಂಜೆ ಗುಮಾಸ್ತ ಹುರಿಯ ಮೇಲೆ ಬೆರಳಾಡಿಸಿ ದಪ್ಪ ಸಿಕ್ಕ ಕಡೆಯೆಲ್ಲ ಗೊಣಗುತ್ತಿದ್ದ. ತನ್ನ ಬೋಳುತಲೆಯೇ ಅದಕ್ಕೆ ಕಾರಣವೆಂದು ಆ ಮಹಾರಾಯನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

"ಆಮೇಲೆ ಏನಾಯ್ತು ಅವರಿಗೆ?" ಎಂದಳು ಹುಡುಗಿ.

ಅಜ್ಜಿ ಒಳಬಾಗಿಲ ಕಡೆ ನೋಡಿದಳು. ಈ ಭಾಗವನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ಸೊಸೆ ಒಳಗೆ ಮಿಕ್ಸಿ ಹಾಕಿದ್ದಳು. ಆ ಸದ್ದು ಇದ್ದದ್ದೇ ಒಳ್ಳೆಯದಾಯಿತು.

"ನಾರಿನ ಧೂಳು ಎದೆಗೆ ಹೋಯ್ತು ಅಂದ್ರು. ಆಮೇಲೆ ಕ್ಷಯ ಅಂದ್ರು. ನಾರು ಒಟ್ಟೋ ಕೋಣೆ ಇತ್ತಲ್ಲ ಹಿಂದೆ, ಅಲ್ಲಿ ಹಾಕಿದ್ರು ಅವಳನ್ನ. ನಾನು ಹತ್ತಿರ ಹೋಗಕೂಡದು ಅಂತ ಅಮ್ಮ ಕಟ್ಟುನಿಟ್ಟು ಮಾಡಿದ್ದಳು. ನಾನು ಬಿಡ್ತೀನಾ? ಕಿಟಕಿ ಹತ್ತಿರ ಹೋಗ್ತಿದ್ದೆ. ನನ್ನ ಕಾಲಿನ ಸಪ್ಪಳ ಕೇಳಿದ್ದೇ ತಡ, ಅವಳು ಗೋಡೆ ಕಡೆ ಹೊರಳಿಕೊಳ್ಳೋಳು. ಉಸಿರು ನನ್ನ ಮೇಲೆ ಬೀಳಬಾರದು ಅಂತ. ಅದು ನನಗೆ ಆಗ ಗೊತ್ತಾಗಲಿಲ್ಲ ಕಣೇ. ನನ್ನ ಮೇಲೆ ಸಿಟ್ಟು ಅಂದುಕೊಂಡೆ. ಅಕ್ಕಾ ಈ ಕಡೆ ತಿರುಗು, ಒಂದು ಸಲ ತಿರುಗು ಅಂತ ಅಳ್ತಿದ್ದೆ. ತಿರುಗಲಿಲ್ಲ. ಹೇಳಿದೆನಲ್ಲ, ಹಟಮಾರಿ ಗಲ್ಲ. ಹೋಗುವಾಗಲೂ ಗೋಡೆ ಕಡೆಗೇ ಮುಖ ಮಾಡಿಕೊಂಡು ಹೋದಳು. ಮುಚ್ಚಿ ತೆಗೆದುಕೊಂಡು ಹೋದ್ರು, ನನಗೆ ತೋರಿಸಲಿಲ್ಲ."

ಹುಡುಗಿಯ ಕೈ ಮಣ್ಣಿನಲ್ಲೇ ನಿಂತುಹೋಗಿತ್ತು.

"ದಿನಾ ನೋಡಿದ ಮುಖ. ಆದ್ರೆ ಕಣ್ಣು ಮುಚ್ಚಿದರೆ ಮೊದಲು ಬರೋದು ಆ ಬೆನ್ನು. ಮುಖ ಬರಬೇಕಾದರೆ ನಾನು ಕಷ್ಟಪಟ್ಟು ಕರೀಬೇಕು." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಇನ್ನೇನೂ ಬೇಡ. ಇಲ್ಲಿ ಕೂತರೆ ನನಗೆ ಅವಳ ಮುಖ ಕಾಣಬೇಕು. ಉಗುರಿನಷ್ಟೇ ಕಾಣಲಿ. ಸಾಯೋವರೆಗೂ ನೋಡಿಕೊಂಡಿರ್ತೀನಿ."

"ಕಾಣುತ್ತೆ ಅಜ್ಜಿ. ನಿಮ್ಮನ್ನೇ ನೋಡ್ತಾ ನಿಂತಿರ್ತಾರೆ" ಎಂದಳು ಹುಡುಗಿ. ಅದೇ ಮಾತನ್ನು ಅಜ್ಜಿ ಎಲೆಅಡಿಕೆಯ ಹಾಗೆ ಬಾಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಕಾದಳು.

ಕಂಚಿನ ಪ್ರತಿಮೆ ಲಾರಿಯಲ್ಲಿ ಬಂತು. ಕಟ್ಟೆಯ ಮೇಲೆ ನಿಲ್ಲಿಸುವ ದಿನ ಶಿಲ್ಪದ ಹುಡುಗಿ ಊರಲ್ಲಿರಲಿಲ್ಲ. ಅವಳ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಕ್ರೇನಿನವನಿಗೆ ಹೇಳಿ ನಿಲ್ಲಿಸಿದ್ದೆಲ್ಲ ಸಮಿತಿಯವರು. ನಿಲ್ಲಿಸಿದ ಕೂಡಲೇ ಬಿಳಿಬಟ್ಟೆ ಸುತ್ತಿದರು. ಉದ್ಘಾಟನೆಯ ಬೆಳಿಗ್ಗೆ ಮಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ.

"ಅಮ್ಮಾ, ನಿನಗೆ ವೇದಿಕೆ ಮೇಲೆ ಕುರ್ಚಿ ಹಾಕಿಸಿದ್ದೀನಿ. ಆಟೋ ಬಂದಿದೆ, ಏಳು."

"ನಾನು ಬರಲ್ಲ. ನನ್ನ ಕುರ್ಚಿ ಇಲ್ಲೇ ಹಾಕು."

"ಇಲ್ಲಿಂದ ಏನು ಕಾಣುತ್ತಮ್ಮ, ಮಣ್ಣು?"

"ನಾನು ಅವಳನ್ನ ನೋಡಿದ್ದು ಇಲ್ಲಿಂದಲೇ ಕಣೋ. ಇಲ್ಲಿಂದಲೇ ನೋಡ್ತೀನಿ. ನೀನು ಹೋಗು, ನಿನ್ನ ಭಾಷಣ ಮಾಡು. ಚಿಕ್ಕದಾಗಿ ಮಾಡು."

ಮಗ ನಕ್ಕು ಹೋದ. ಸೊಸೆ ಕುರ್ಚಿಯನ್ನು ಚಪ್ಪಡಿಯ ಎರಡು ಗುಳಿಗಳ ನಡುವೆ ಸರಿಯಾಗಿ ಇಟ್ಟು, ಕಣ್ಣಿಗೆ ಬಿಸಿಲು ಬೀಳದಂತೆ ಕೊಡೆ ಕಟ್ಟಿ, ತಾನೂ ಓಡಿದಳು. ಅಜ್ಜಿ ಹೊಸ ಕನ್ನಡಕ ಒರೆಸಿ ಹಾಕಿಕೊಂಡಳು. ಅದೂ ಇದಕ್ಕೆಂದೇ ಮಾಡಿಸಿದ್ದು. ಬೀದಿಯುದ್ದಕ್ಕೂ ಯಾರೂ ಇರಲಿಲ್ಲ, ಎಲ್ಲರೂ ಆ ಬಾಯಲ್ಲಿ ಕಿಕ್ಕಿರಿದಿದ್ದರು. ಮೈಕಿನಲ್ಲಿ ಯಾರೋ ಮಾತಾಡಿದರು, ಮಗ ಮಾತಾಡಿದ, ಮತ್ತೆ ಯಾರೋ ಮಾತಾಡಿದರು. ಕೊನೆಗೆ ಚಪ್ಪಾಳೆ ಕೇಳಿಸಿತು. ಬಟ್ಟೆ ಕಳಚಿಬಿತ್ತು.

ಬೆನ್ನು.

ಅಜ್ಜಿ ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿದಳು. ಹಾಕಿಕೊಂಡು ನೋಡಿದರೂ ಬೆನ್ನೇ. ತಲೆಯ ಗಂಟು, ಅದರ ಕೆಳಗೆ ಕತ್ತು, ಕತ್ತಿನ ಕೆಳಗೆ ಬಡಕಲು ಬೆನ್ನು, ಸೊಂಟದ ಸುತ್ತ ನಾರಿನ ಹೊರೆ. ಗೋಡೆಯ ಕಡೆ ಹೊರಳಿಕೊಂಡಿದ್ದಾಗ ಕಿಟಕಿಯಿಂದ ಕಂಡದ್ದು ಇದೇ. ಹುಡುಗಿ ಏನನ್ನೂ ಮರೆತಿರಲಿಲ್ಲ, ಎಲ್ಲವನ್ನೂ ತದ್ವತ್ ಮಾಡಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಜ್ಜಿ ಯಾರನ್ನೂ ಕೂಗಲಿಲ್ಲ. ಅಷ್ಟು ದೊಡ್ಡ ಗಂಟಲಿನವಳು ಕನ್ನಡಕ ಕಳಚಿ ಮಡಿಲಲ್ಲಿಟ್ಟುಕೊಂಡಳು.

ಮಗ ಹಾರ ಕೈಯಲ್ಲಿ ಹಿಡಿದುಕೊಂಡೇ ಓಡಿಬಂದ. ಅವನ ಮುಖ ಅರಳಿತ್ತು.

"ನೋಡಿದೆಯಾ ಅಮ್ಮಾ? ಹೇಗಿದೆ?"

"ಬೆನ್ನು ಯಾಕೋ ಈ ಕಡೆ ಇದೆ?"

"ಅದಾ? ನಾನೇ ತಿರುಗಿಸಿ ನಿಲ್ಲಿಸಿದೆ. ಆ ಹುಡುಗಿ ಮುಖ ಬೀದಿ ಕಡೆ ಅಂತ ನಕ್ಷೇಲಿ ಬಾಣ ಹಾಕಿ ಕೊಟ್ಟಿದ್ದಳು. ನಮ್ಮ ಸಮಿತೀಲಿ ಯಾರೂ ಒಪ್ಪಲಿಲ್ಲ. ರಸ್ತೇಲಿ ಹೋಗೋರಿಗೆ, ಬಂದ ಅತಿಥಿಗಳಿಗೆ ಬೆನ್ನು ತೋರಿಸಿದ ಹಾಗಾಗಲ್ವಾ? ಆಮೇಲೆ..." ಅವನು ಹುಬ್ಬಿನ ಬೆವರು ಒರೆಸಿಕೊಂಡ. "ಹಿಂದೆ ನಡೆಯೋರು ಅಂತ ಇನ್ನೂ ಎಷ್ಟು ದಿನ ಅನ್ನಿಸಿಕೊಳ್ಳೋದಮ್ಮ? ಈಗ ನೋಡು, ಮುಂದೆ ಹೆಜ್ಜೆ ಹಾಕಿಕೊಂಡು ಹೋಗ್ತಿರೋ ಹಾಗೇ ಇದೆ. ಎಲ್ಲರೂ ಅದನ್ನೇ ಹೇಳಿದ್ರು. ಇನ್ನು ದೊಡ್ಡಮ್ಮನ ಮುಖ ಊರೆಲ್ಲ ನೋಡುತ್ತೆ."

ಅವನ ಮಾತಿನಲ್ಲಿ ಹಳೆಯ ಗಾಯವಿತ್ತು, ಅಜ್ಜಿಗೆ ಅದು ಗೊತ್ತಿತ್ತು. ದೆವ್ವಗಳಿಗೆ ಪಾದ ಹಿಂದುಮುಂದು ಎನ್ನುತ್ತಾರಲ್ಲ. ಪಕ್ಕದ ಬೀದಿಯವರು ಇವರ ಬೀದಿಯನ್ನು ದೆವ್ವದ ಬೀದಿ ಎನ್ನುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರು ಹಲಗೆಯ ಹತ್ತಿರ ಕರೆದಾಗಲೆಲ್ಲ ಹುಡುಗರು "ಹಿಂದೆ ನಡಿಯೋ, ಹಿಂದೆ ನಡಿಯೋ" ಎಂದು ಇವನನ್ನು ಗೋಳುಹುಯ್ದುಕೊಂಡಿದ್ದರು. ಒಂದು ಸಲ ಇವನು ನಿಜವಾಗಿಯೂ ಹಿಂದೆ ನಡೆದು, ಬೆಂಚಿಗೆ ಎಡವಿ, ತಲೆ ಒಡೆದುಕೊಂಡು ಬಂದಿದ್ದ. ಆ ಗುರುತು ಅವನ ಹುಬ್ಬಿನ ಮೇಲೆ ಈಗಲೂ ಇತ್ತು. ಅಜ್ಜಿ ಅದನ್ನು ನೋಡಿದಳು. ಬೈಯಲು ಬಂದ ಮಾತು ಬಾಯಲ್ಲೇ ಉಳಿಯಿತು.

"ಚೆನ್ನಾಗಿದೆ. ನನ್ನ ಒಳಗೆ ಕರಕೊಂಡು ಹೋಗು" ಎಂದಳು.

ಮಾರನೆಯ ದಿನ ಸೊಸೆಯನ್ನು ಕಾಡಿ ಬೇಡಿ ಆಟೋದಲ್ಲಿ ಪ್ರತಿಮೆಯ ಮುಂದೆ ಹೋಗಿ ಇಳಿದಳು. ಕಟ್ಟೆ ಆಳೆತ್ತರ. ಬುಡದಲ್ಲಿ ವಾಕರ್ ಹಿಡಿದು ನಿಂತರೆ ಕಾಣುವುದು ಗಲ್ಲದ ಕೆಳಭಾಗ ಮತ್ತು ಮೂಗಿನ ಹೊಳ್ಳೆ, ಅಷ್ಟೇ. ದೂರ ಹೋಗಿ ನೋಡೋಣವೆಂದರೆ ಹಿಂದೆ ಮುಖ್ಯರಸ್ತೆ, ಬಸ್ಸುಗಳು ಎಡೆಬಿಡದೆ ಓಡುತ್ತಿದ್ದವು. ಅಕ್ಕ ಬಸ್ಸಿನವರನ್ನು ನೋಡಿಕೊಂಡು ನಗುತ್ತಿದ್ದಳು. ಕಿಟಕಿಯಲ್ಲಿ ಕೂತವರು ಮೊಬೈಲು ನೋಡಿಕೊಂಡು ಹೋಗುತ್ತಿದ್ದರು. ಅಜ್ಜಿ ಕೈ ಚಾಚಿದರೆ ಪಾದವೂ ಸಿಗಲಿಲ್ಲ, ಕಟ್ಟೆಯ ಕಲ್ಲು ಸಿಕ್ಕಿತು, ಬಿಸಿಲಿಗೆ ಕಾದು ಸುಡುತ್ತಿತ್ತು. ತಿರುಗಿ ಬಂದವಳು ತನ್ನ ಕುರ್ಚಿಯನ್ನು ಚಪ್ಪಡಿಯಿಂದ ತೆಗೆಸಿ ಹಿಂದಿನ ಕೋಣೆಯಲ್ಲಿ ಹಾಕಿಸಿಕೊಂಡಳು. ಬೀದಿ ಬಾಗಿಲಿಗೆ ಬರುವುದನ್ನೇ ಬಿಟ್ಟಳು. ಊಟದ ತಟ್ಟೆ ಅರ್ಧಕ್ಕೇ ವಾಪಸು ಬರತೊಡಗಿತು. ಡಾಕ್ಟರು ಬಂದು ನೋಡಿ, ವಯಸ್ಸಾಯಿತಲ್ಲ ಎಂದು ಎಲ್ಲರಿಗೂ ಗೊತ್ತಿದ್ದದ್ದನ್ನೇ ಹೇಳಿ ಹೋದರು.

ಶಿಲ್ಪದ ಹುಡುಗಿ ತಂದೆಯ ಆಸ್ಪತ್ರೆಯ ಓಡಾಟವೆಲ್ಲ ಮುಗಿಸಿಕೊಂಡು ಬೀದಿಗೆ ಬಂದದ್ದು ಆಮೇಲೆ. ಪ್ರತಿಮೆಯನ್ನು ನೋಡಿದವಳೇ ನೇರವಾಗಿ ಗಾಜಿನ ಅಂಗಡಿಗೆ ಹೋದಳು. ಅಲ್ಲಿ ಏನು ಮಾತಾಯಿತೋ ಅಜ್ಜಿ ಕೇಳಲಿಲ್ಲ. ಆದರೆ ಮಧ್ಯಾಹ್ನ, ಅಂಗಡಿ ಮುಚ್ಚದ ಹೊತ್ತಿನಲ್ಲಿ, ಮಗ ಮನೆಗೆ ಬಂದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಅವನ ಕಣ್ಣು ಕೆಂಪಗಿತ್ತು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಅಮ್ಮಾ." ಅವನು ಮಂಚದ ಹತ್ತಿರ ಬಂದ. "ನನಗೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ..."

"ಏನಂತ ಹೇಳಲೋ."

"ಈ ಕಡೆ ತಿರುಗಮ್ಮಾ."

ಆ ಮಾತು ಕಿವಿಗೆ ಬಿದ್ದದ್ದೇ ಅಜ್ಜಿ ಬೆಚ್ಚಿಬಿದ್ದಳು. ತಾನು ಹೇಗೆ ಮಲಗಿದ್ದೇನೆಂದು ಆಗ ಅವಳಿಗೆ ಅರಿವಾಯಿತು. ಮುರಿದ ಸೊಂಟದ ನೋವನ್ನೂ ಲೆಕ್ಕಿಸದೆ ಹೊರಳಿದಳು. ಮಗನ ಕೈ ಹಿಡಿದು, ಅವನು ಅಲ್ಲಿದ್ದಷ್ಟು ಹೊತ್ತೂ ಅವನ ಮುಖ ನೋಡಿದಳು.

ಮಗ ಸುಮ್ಮನೆ ಕೂರುವವನಲ್ಲ. ಮಾರನೆಯ ದಿನವೇ ಇಂಜಿನಿಯರನ್ನು ಕರೆತಂದ. ಕಾಂಕ್ರೀಟಿನೊಳಗೆ ಬೋಲ್ಟು ಕೂತಿದೆ, ಒಡೆದರೆ ಪಾದ ಸೀಳಬಹುದು, ಕಟ್ಟೆಯನ್ನೇ ಹೊಸದಾಗಿ ಕಟ್ಟಬೇಕು, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು ಎಂದ ಇಂಜಿನಿಯರ್. ಮೇಲಿನವರು ಮುಂದಿನವರನ್ನು ತೋರಿಸಿದರು, ಮುಂದಿನವರು ಪಕ್ಕದವರನ್ನು ತೋರಿಸಿದರು. ಸಮಿತಿಯಲ್ಲಿ ಮಾತೆತ್ತಿದರೆ ಬೇಕರಿಯವರು "ಈಗ ತಾನೇ ಎಲ್ಲರೂ ಹೊಗಳಿದ್ದಾರೆ, ಮತ್ತೆ ಯಾಕೆ ಕೆದಕೋದು?" ಎಂದರು. ಕೊನೆಗೆ ತನಗೆ ಗೊತ್ತಿದ್ದ ಕಸುಬನ್ನೇ ಅವನು ನೆಚ್ಚಿಕೊಂಡ. ಅಂಗಡಿಯಲ್ಲಿದ್ದ ದೊಡ್ಡ ನಿಲುವುಗನ್ನಡಿಯನ್ನು ಹೊರಿಸಿಕೊಂಡು ಹೋಗಿ ಮುಖ್ಯರಸ್ತೆಯ ಆಚೆ ಬದಿಯ ಗೋಡೆಗೆ ಒರಗಿಸಿ ನಿಂತ. ಅದರಲ್ಲಿ ದೊಡ್ಡಮ್ಮನ ಮುಖ ಬೀಳುತ್ತದೆ, ಒಳತುದಿಯಿಂದ ಅಮ್ಮನಿಗೆ ಕಾಣುತ್ತದೆ ಎಂದು ಅವನ ಲೆಕ್ಕ.

"ಅತ್ತೆ, ಒಂದು ಸಲ ಬಂದು ನೋಡಿ. ನಿಮ್ಮ ಮಗ ರಸ್ತೇಲಿ ಕನ್ನಡಿ ಹಿಡ್ಕೊಂಡು ನಿಂತಿದ್ದಾರೆ. ಜನ ಎಲ್ಲ ನಗ್ತಿದ್ದಾರೆ" ಎಂದು ಸೊಸೆ ಅಳುಧ್ವನಿಯಲ್ಲಿ ಕರೆದಳು.

ಅಜ್ಜಿ ವಾಕರ್ ಹಿಡಿದು ಚಪ್ಪಡಿಗೆ ಬಂದಳು. ಆಚೆ ತುದಿಯಲ್ಲಿ ಬರೀ ಬೆಳಕು. ಬೆಳಗಿನ ಬಿಸಿಲು ಕನ್ನಡಿಗೆ ಬಿದ್ದು ಬೀದಿಯೊಳಕ್ಕೆಲ್ಲ ಚೆಲ್ಲುತ್ತಿತ್ತು. ಮುಖವೂ ಇಲ್ಲ, ಮೂತಿಯೂ ಇಲ್ಲ. ಸ್ಕೂಟರಿನವನೊಬ್ಬ ಕಣ್ಣು ಕೋರೈಸಿ ಚರಂಡಿಗೆ ಇಳಿದ. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ ಬೈದದ್ದು ಇಲ್ಲಿಯವರೆಗೆ ಕೇಳಿಸಿತು. ಮಗ ಬೈಸಿಕೊಂಡು ಬೈಸಿಕೊಂಡೇ ಕನ್ನಡಿಯನ್ನು ಹಾಗೆ ವಾಲಿಸಿ, ಹೀಗೆ ವಾಲಿಸಿ, ಕೊನೆಗೆ ಸೋತು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟ.

ಬೆಳಕು ಆರಿತು. ಹೊಳಪಿಗೆ ಕಣ್ಣು ಕತ್ತಲಿಟ್ಟಿದ್ದ ಅಜ್ಜಿಗೆ ಪ್ರತಿಮೆ ನಿಧಾನವಾಗಿ ಕಾಣಿಸಿಕೊಂಡಿತು. ಮೊದಲು ಕಂಡದ್ದು ಬೆನ್ನಲ್ಲ, ಕಾಲು. ಹಿಂಗಾಲು. ಹಿಮ್ಮಡಿ ಮೇಲೆದ್ದಿತ್ತು, ಹೆಬ್ಬೆರಳು ನೆಲ ತಡವುತ್ತಿತ್ತು. ಮೈಭಾರವೆಲ್ಲ ಮುಂದಿನ ಕಾಲಿನ ಮೇಲಿತ್ತು. ಸಮಿತಿಯವರಿಗೆ ಅದು ಮುಂದೆ ಹೋಗುವ ಹೆಜ್ಜೆಯಾಗಿ ಕಂಡಿರಬಹುದು. ಹಗ್ಗದವಳ ಹೆಜ್ಜೆಯನ್ನು ರಾಟೆಯವಳಿಗೆ ಯಾರೂ ಕಲಿಸಬೇಕಾಗಿಲ್ಲ. ಆ ಕಾಲು ಇತ್ತ ಕಡೆ ನೆಲ ಹುಡುಕುತ್ತಿತ್ತು. ಹಗ್ಗ ಹೊಸೆಯುವವಳು ಬೆನ್ನು ಎತ್ತಲಿದೆಯೋ ಅತ್ತಲೇ ಬರುತ್ತಾಳೆ.

ಅಜ್ಜಿ ವಾಕರ್ ಬಿಟ್ಟು ಚಪ್ಪಡಿಯ ಮೇಲೆ, ಗುಳಿಗಳ ನಡುವೆ, ಕುಸಿದು ಕೂತಳು. ಸೊಸೆ ಗಾಬರಿಯಾಗಿ ಹಿಡಿಯಲು ಬಂದರೆ ಕೈಯಿಂದ ಸರಿಸಿದಳು.

ಮಗ ಬೆವರು ಸುರಿಸಿಕೊಂಡು ಬೀದಿಯುದ್ದ ನಡೆದು ಬಂದ. ಅವಮಾನದಿಂದ ತಲೆ ತಗ್ಗಿತ್ತು. ಅರ್ಧ ದಾರಿಗೆ ಬರುವಾಗ ಅಮ್ಮನ ಕೂಗು ಅವನಿಗೆ ಕೇಳಿಸಿತು. ಹುಟ್ಟಿದಾಗಿನಿಂದ ಅವನು ಆ ಕೂಗಿನ ಬಗ್ಗೆ ಕೇಳಿದ್ದನೇ ಹೊರತು ಕೂಗನ್ನು ಕೇಳಿರಲಿಲ್ಲ. ಮುದಿ ಗಂಟಲು, ಆದರೆ ಬೀದಿಯ ಆ ತುದಿಯವರೆಗೂ ಹೋಗಿ ಮುಟ್ಟುವಂಥದು.

"ಅಕ್ಕಾ, ಹಿಂದೆ ಸೈಕಲ್ಲು! ನಿಲ್ಲು... ನಿಲ್ಲು. ಹಾಂ, ಹೋಯ್ತು. ಹಿಂದೆ ನನ್ನ ಮಗ ಬರ್ತಿದ್ದಾನೆ ಕಣೇ, ಅವನು ಪಕ್ಕಕ್ಕೆ ಸರಿದುಕೊಳ್ತಾನೆ."

ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಅಜ್ಜಿಗೆ ಬುದ್ಧಿ ಕೆಟ್ಟಿತು ಎಂದು ಯಾರೋ ಹೇಳಿದರು. ಮಗ ಏನೂ ತೋಚದೆ ನಿಜವಾಗಿಯೂ ಪಕ್ಕಕ್ಕೆ ಸರಿದು, ಗೋಡೆ ಹಿಡಿದುಕೊಂಡೇ ನಡೆದು ಬಂದು, ಚಪ್ಪಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ಯಾರಿಗೆ ಹೇಳ್ತಿದ್ದೀಯ?"

"ನಿನ್ನ ದೊಡ್ಡಮ್ಮನಿಗೆ. ಅವಳಿಗೆ ಹಿಂದೆ ಕಾಣಲ್ಲ, ನಾನೇ ಹೇಳಬೇಕು."

"ಅಮ್ಮಾ, ಹೇಗಾದರೂ ಮಾಡಿ ತಿರುಗಿಸ್ತೀನಿ. ನನ್ನಾಣೆ. ಒಂದು ವರ್ಷ ಆಗ್ಲಿ, ಎರಡು ವರ್ಷ ಆಗ್ಲಿ..."

"ಬೇಡ್ವೋ. ಹಾಗೇ ಇರಲಿ ಬಿಡು." ಅಜ್ಜಿ ಅವನ ಹುಬ್ಬಿನ ಮೇಲಿನ ಗುರುತನ್ನು ಹೆಬ್ಬೆರಳಿಂದ ಸವರಿದಳು. "ಆವಾಗ ನಾನೇ ಅವಳನ್ನ ಹೋಗು ಹೋಗು ಅಂತ ಕಳಿಸ್ತಿದ್ದೆ. ಈಗ ಅವಳೇ ಬರ್ತಿದ್ದಾಳೆ. ನಿಧಾನ, ಅಷ್ಟೇ. ಇಲ್ಲಿಗೆ ಬಂದ ಮೇಲೆ ತಿರುಗ್ತಾಳಲ್ಲ, ಆಗ ನೋಡ್ತೀನಿ ಮುಖ."

ದೊಡ್ಡಮ್ಮ ಬಂದು ಮುಟ್ಟುವ ದಿನ ಯಾವುದೆಂದು ಮಗನಿಗೆ ಅರ್ಥವಾಯಿತು. ಅವಳ ಮಡಿಲಲ್ಲಿ ಮುಖ ಹುದುಗಿಸಿ ಚಿಕ್ಕ ಮಗುವಿನಂತೆ ಅತ್ತ. ಅಜ್ಜಿ ಒಂದು ಕೈಯನ್ನು ಅವನ ತಲೆಯ ಮೇಲಿಟ್ಟಳು. ಕಣ್ಣು ಬೀದಿಯ ಮೇಲಿತ್ತು. ಹಾಲಿನವನು ದಾಟಿದ, ನಾಯಿಯೊಂದು ದಾಟಿತು, ಆಮೇಲೆ ಆ ನೇರವಾದ ಬೀದಿಯ ಉದ್ದಕ್ಕೂ ಯಾರೂ ಇರಲಿಲ್ಲ.

"ಹಿಂದೆ ಏನೂ ಇಲ್ಲ ಅಕ್ಕಾ," ಅಜ್ಜಿ ಕೂಗಿದಳು, "ಬಾ."